ಅಲುಗೋದು ಮಂಚವೋ, ಫರಸಿಯೋ?

ಪ್ರಶ್ನೆ: ನಮ್ಮದು ಹಳೆಯ ಮನೆ, ನೆಲಕ್ಕೆಲ್ಲ ಶಹಾಬಾದ್ ಫರಸಿ. ಸಾಗವಾನಿ ಮಂಚ ಯಾವಾಗಲೂ ಒಂದು ಕಾಲು ಎತ್ತಿಕೊಂಡೇ ನಿಂತಿರುತ್ತದೆ. ಕಾಗದ ಮಡಚಿ ಇಟ್ಟರೆ ಹದಿನೈದು ದಿನಕ್ಕೆ ಮತ್ತೆ ಗಡಗಡ. ಊಟದ ಚೌಕ ಮೇಜಿನದೂ ಇದೇ ಕಥೆ. ಬಡಿಗೇರರು ಕಾಲು ಕೊಯ್ಯೋಣ ಅಂತಾರೆ. ಕೊಯ್ಸಬೇಕಾ?
— ಬ್ರಹ್ಮಪುರ, ಕಲಬುರಗಿ

ಉತ್ತರ: ಬೇಡ. ಕೊಯ್ದ ಕಾಲು ಆ ಒಂದು ಜಾಗಕ್ಕೆ ಮಾತ್ರ ಹೊಂದುತ್ತದೆ. ದೀಪಾವಳಿಗೆ ಸುಣ್ಣ ಹೊಡೆಯಲು ಮಂಚ ಸರಿಸಿದಿರೋ, ಮತ್ತೆ ಅಲುಗಾಟ. ಮೊದಲು ತಪ್ಪು ಯಾರದೆಂದು ನೋಡಿ.

ಕೀಲಿನಿಂದ ಶುರು ಮಾಡಿ. ನಾಲ್ಕೂ ಕಾಲು ನೆಲಕ್ಕೆ ತಾಗಿದ್ದಾಗಲೂ ಮಂಚ ಅಡ್ಡಡ್ಡ ಓಲಾಡಿದರೆ ಅದು ನೆಲದ ದೋಷವಲ್ಲ, ಮೂಲೆಯ ಬೋಲ್ಟುಗಳು ಸಡಿಲಾಗಿವೆ. ನಮ್ಮ ಕಡೆಯ ಬೇಸಿಗೆಗೆ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಬೋಲ್ಟಿನ ಬಿಗಿ ತಾನಾಗಿ ಇಳಿಯುತ್ತದೆ. ಆದರೆ ಒಂದೊಂದೇ ಬೋಲ್ಟನ್ನು ಪೂರ್ತಿ ಬಿಗಿಯುತ್ತ ಹೋಗಬೇಡಿ. ಎಲ್ಲವನ್ನೂ ಅರ್ಧ ಸುತ್ತು ಸಡಿಲಿಸಿ, ನಾಲ್ಕೂ ಕಾಲು ನೆಲಕ್ಕೆ ಕೂತ ಮೇಲೆ ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸೊಟ್ಟಗಿದ್ದಾಗ ಬಿಗಿದ ಮಂಚ ಸೊಟ್ಟಗೇ ಉಳಿಯುತ್ತದೆ. ನಾಕೈದು ಮಂಚಗಳಲ್ಲಿ ಒಂದಾದರೂ ಇಷ್ಟಕ್ಕೇ ಸುಮ್ಮನಾಗುತ್ತದೆ.

ಆಮೇಲೆ ಫರಸಿ. ಅಲುಗುವ ಕಾಲಿನ ಕೆಳಗಿನ ಕಲ್ಲನ್ನು ಐದು ರೂಪಾಯಿ ನಾಣ್ಯದಿಂದ ಕುಟ್ಟಿ, ಪಕ್ಕದ ಕಲ್ಲನ್ನೂ ಕುಟ್ಟಿ. ಒಂದು ಟಣ್ ಅಂದು ಇನ್ನೊಂದು ಡಬ್ ಡಬ್ ಅಂದರೆ ಆ ಕಲ್ಲಿನಡಿ ಪೊಳ್ಳಾಗಿದೆ. ಒಂದು ಮೂಲೆಗೆ ಕಾಲಿಟ್ಟಾಗ ಇನ್ನೊಂದು ಮೂಲೆ ಕೂದಲೆಳೆಯಷ್ಟು ಏಳುವುದೂ ಉಂಟು. ಅಂಥ ಕಲ್ಲಿನ ಮೇಲೆ ಏನು ಬೆಣೆ ಕೊಟ್ಟರೂ ವ್ಯರ್ಥ. ಮಂಚದ ಕಾಲು ಆಚೀಚೆ ಸರಿಸಿ. ಇಲ್ಲವೇ ಗೌಂಡಿಯಿಂದ ಆ ಕಲ್ಲು ಎಬ್ಬಿಸಿ, ಹಳೆಯ ಗಾರೆ ಕೆತ್ತಿ, 1 ಪಾಲು ಸಿಮೆಂಟಿಗೆ 4 ಪಾಲು ಮರಳಿನ ಹಾಸು ಹಾಕಿಸಿ, ಕಲ್ಲಿನ ಬೆನ್ನಿಗೆ ಸಿಮೆಂಟ್ ಹಾಲು ಬಳಿದು ಕೂರಿಸಿ. ಭಾರದ ಸಾಮಾನನ್ನು ಒಂದು ವಾರ ಅದರ ಮೇಲೆ ಇಡಬೇಡಿ. ಶಹಾಬಾದ್ ಕಲ್ಲು ಪದರು ಪದರಾದ ಸುಣ್ಣಕಲ್ಲು. ಅಡಿ ಪೊಳ್ಳಿದ್ದರೆ ಮಂಚದ ಕಾಲಿನಂಥ ಸಣ್ಣ ಜಾಗದ ಭಾರಕ್ಕೆ ಸೀಳುತ್ತದೆ.

ಕಲ್ಲು ಗಟ್ಟಿಯಿದ್ದರೆ ಈಗ ಕಾಲೋ ನೆಲವೋ ಎಂಬ ಪ್ರಶ್ನೆ. ಮೇಜನ್ನು ಪೂರ್ತಿ ತಿರುವಿ, ಅಂದರೆ ಈ ಬದಿಯದನ್ನು ಆ ಬದಿಗೆ ಮಾಡಿ ನೋಡುವುದು ಎಲ್ಲರ ರೂಢಿ. ಅದರಿಂದ ಏನೂ ತಿಳಿಯದು. ಎದುರುಬದುರಿನ ಎರಡು ಕಾಲು ಜಾಗ ಅದಲುಬದಲು ಮಾಡಿಕೊಳ್ಳುತ್ತವೆ ಅಷ್ಟೆ, ಓಲಾಟ ಇದ್ದಂತೆಯೇ ಇರುತ್ತದೆ. ತಿರುಗಿಸಬೇಕಾದದ್ದು ಕಾಲು (¼) ಸುತ್ತು. ಏಳುವ ಜೋಡಿ ಕಾಲುಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಪ್ರತಿ ಕಾಲು ಪಕ್ಕದ ಕಾಲಿನ ಜಾಗಕ್ಕೆ ಬರುವಂತೆ ತಿರುಗಿಸಿ. ಗುರುತಿನ ಕಾಲುಗಳೇ ಮತ್ತೆ ಎದ್ದರೆ ದೋಷ ಮೇಜಿನದು. ಗುರುತಿಲ್ಲದವು ಎದ್ದರೆ ನೆಲದ್ದು. ನೆಲದ್ದಾದರೆ ಒಂದು ಲಾಭವೂ ಇದೆ: ಹಾಗೆ ನಿಧಾನವಾಗಿ ತಿರುಗಿಸುವಾಗ ನಡುವೆ ಎಲ್ಲೋ ಒಂದು ಕಡೆ ಚೌಕ ಮೇಜು ತಾನೇ ಗಟ್ಟಿಯಾಗಿ ನಿಲ್ಲುತ್ತದೆ. ಕಾಲುಗಳೆಲ್ಲ ಸಮವಿದ್ದು, ನೆಲ ಅಲೆಯಂತೆ ಏರಿಳಿದಿದ್ದರೆ ಇದು ಲೆಕ್ಕದಿಂದಲೇ ಸಾಬೀತಾದ ಮಾತು. ಫರಸಿಯ ಸಂದಿಯಲ್ಲಿ ಕಲ್ಲು ಥಟ್ಟನೆ ಮೆಟ್ಟಿಲಾಗಿದ್ದರೆ ಮಾತ್ರ ಭರವಸೆ ಇಲ್ಲ, ಹಾಗಾಗಿ ಕಾಲು ಸಂದಿಯ ಮೇಲೆ ಬರದಂತೆ ಇಡಿ. ಮಂಚವನ್ನು ಕೋಣೆಯಲ್ಲಿ ಹೀಗೆ ತಿರುಗಿಸಲಾಗದು. ಒಂದೊಂದು ಅಡಿ ಸರಿಸಿ ಮೂರು ಕಡೆ ನೋಡಿ. ಮೂರೂ ಕಡೆ ಅದೇ ಜೋಡಿ, ಅಷ್ಟೇ ಸಂದು ಎಂದರೆ ಮಂಚ, ಬದಲಾದರೆ ನೆಲ.

ಸಂದು ಅಳೆಯಲು ಅವಧಿ ಮುಗಿದ ಎಟಿಎಂ ಕಾರ್ಡು ಸಾಕು. ಪ್ರತಿ ಕಾರ್ಡಿನ ದಪ್ಪ 0.76 ಮಿ.ಮೀ., ನಾಲ್ಕು ಸೇರಿದರೆ ಹತ್ತಿರಹತ್ತಿರ 3 ಮಿ.ಮೀ. ಗಾದಿ ಹಾಸಿ, ಮೇಲೆ ಒಬ್ಬರು ಕೂತಿರುವಾಗ ಅಳೆಯಿರಿ. ಖಾಲಿ ಮಂಚದ ಒಂದು ಮಿ.ಮೀ. ಸಂದು ಭಾರಕ್ಕೆ ತಾನೇ ಮುಚ್ಚಿಹೋಗುತ್ತದೆ. ಓಲಾಡುವಾಗ ಎದುರುಬದುರಿನ ಎರಡು ಕಾಲು ಸರದಿಯಲ್ಲಿ ಏಳುತ್ತವಲ್ಲ, ಅವುಗಳಲ್ಲಿ ಯಾವುದಕ್ಕೆ ಕೊಡುವುದು? ರಸಮಟ್ಟ (ಗಾಳಿಗುಳ್ಳೆಯ ಮಟ್ಟಗೋಲು) ಇಟ್ಟು ನೋಡಿ, ತಗ್ಗಾದ ಮೂಲೆಗೆ ಪೂರ್ತಿ ಸಂದಿನಷ್ಟು ಕೊಡಿ.

ಅದೇ ಕಾರ್ಡನ್ನು ಕಾಲಿನ ಅಳತೆಗೆ ಕತ್ತರಿಸಿದರೆ ಒಳ್ಳೆಯ ಬೆಣೆಯಾಗುತ್ತದೆ. ಚಿಪ್ ಮತ್ತು ನಂಬರು ಇರುವ ಭಾಗ ಚೂರು ಮಾಡಿ ಎಸೆಯಿರಿ. ಪ್ಲಾಸ್ಟಿಕ್ ಕುಗ್ಗುವುದಿಲ್ಲ, ನೆಲ ಒರೆಸಿದ ನೀರು ಹೀರುವುದಿಲ್ಲ. ನಿಮ್ಮ ಕಾಗದ ಹದಿನೈದು ದಿನಕ್ಕೆ ಸೋಲುವುದು ಈ ಎರಡೂ ಕಾರಣಕ್ಕೆ. ರಟ್ಟಂತೂ ಗೆದ್ದಲಿಗೆ ಔತಣ. ಮೆತ್ತನೆಯ ರಬ್ಬರ್ ಭಾರಕ್ಕೆ ಚಪ್ಪಟೆಯಾಗುತ್ತ ಹೋಗುತ್ತದೆ.

ದೋಷ ಕಾಲಿನದಾದರೆ ಬೆಣೆಯನ್ನು ಕಾಲಿಗೇ ಅಂಟಿಸಿಬಿಡಿ, ಕಥೆ ಮುಗಿಯಿತು. ನೆಲದ್ದಾದರೆ, ಅದರಲ್ಲೂ ಎರೆಮಣ್ಣಿನ ಮೇಲಿನ ಮನೆಯಾದರೆ, ಅಂಟಿಸಬೇಡಿ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಫರಸಿಯೂ ಅದರ ಜೊತೆ ಏರಿಳಿಯುತ್ತದೆ. ಮೇ ತಿಂಗಳ ಸಂದು ಸೆಪ್ಟೆಂಬರಿಗೆ ಇರುವುದಿಲ್ಲ. ಇಲ್ಲಿಗೆ ಬೇಕಾದದ್ದು ತಿರುಪಿನ ಪಾದ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಲೆವೆಲಿಂಗ್ ಬುಷ್’ ಎಂದು ಕೇಳಿ, ಎಂ8 ಅಳತೆಯದು ನಾಲ್ಕು, ಜೊತೆಗೆ ನಾಲ್ಕು ಟಿ-ನಟ್, ಅಂದರೆ ತೂತಿನ ಬಾಯಿಗೆ ಬಡಿದು ಕೂರಿಸುವ ಮುಳ್ಳಿನ ನಟ್ಟು. ಕಾಲಿನ ಅಡಿಯಲ್ಲಿ ನೆಟ್ಟಗೆ 10 ಮಿ.ಮೀ. ಅಗಲದ, 40 ಮಿ.ಮೀ. ಆಳದ ತೂತು ಕೊರೆದು, ಟಿ-ನಟ್ ಬಡಿದು, ಪಾದ ತಿರುಗಿಸಿ. ಎಂ8 ತಿರುಪಿನ ಒಂದು ಸುತ್ತಿಗೆ 1.25 ಮಿ.ಮೀ. ಏರುತ್ತದೆ. ಕಾಲು 40 ಮಿ.ಮೀ.ಗಿಂತ ಸಣ್ಣದಾದರೆ ಸೀಳೀತು, ಮಾಡಬೇಡಿ. ನಾಲ್ಕಕ್ಕೂ ಹಾಕಿಸಿ, ಒಂದಕ್ಕೇ ಹಾಕಿಸಿದರೆ ಆ ಕಾಲನ್ನು ಇಳಿಸುವ ಅವಕಾಶ ಇರುವುದಿಲ್ಲ.

ಪ್ರಶ್ನೆ: ಕಬ್ಬಿಣದ ಅಲಮಾರಿಯ ಬಾಗಿಲು ಹಾಕುವಾಗ ಮೇಲೆ ತಿಕ್ಕುತ್ತದೆ, ಕೀಲಿ ಬೀಳುವುದಿಲ್ಲ. ಮನೆಯಲ್ಲಿ ಎರಡು ವರ್ಷದ ಮಗು ಇದೆ, ಎಲ್ಲಿ ಮೈಮೇಲೆ ಬೀಳುತ್ತದೋ ಅನ್ನುವ ಭಯ. ಗೋಡೆ ಹಳೆಯದು, ಕೆಂಪುಕಲ್ಲು ಮತ್ತು ಮಣ್ಣಿನದು.
— ಬೀದರ್ ಹಳೇ ಊರು

ಉತ್ತರ: ಬಾಗಿಲು ತಿಕ್ಕುವುದು ಬಾಗಿಲ ದೋಷವಲ್ಲ. ಒಂದು ಮೂಲೆ ತಗ್ಗಾದರೆ ತಗಡಿನ ಪೆಟ್ಟಿಗೆ ಇಡೀ ತಿರುಚಿಕೊಳ್ಳುತ್ತದೆ, ಎರಡು ಬಾಗಿಲು ಒಂದಕ್ಕೊಂದು ಮೇಲುಕೆಳಗಾಗುತ್ತವೆ. ಕೀಲಿಗೆ ಎಣ್ಣೆ ಹಾಕುವ ಮುಂಚೆ ಎರಡು ಬಾಗಿಲುಗಳ ಮೇಲಂಚು ಸಮವಿದೆಯೇ ನೋಡಿ. ತಗ್ಗಾದ ಬಾಗಿಲಿನ ಕಡೆಯ ಮುಂದಿನ ಕಾಲಿಗೆ ಒಂದೊಂದೇ ಕಾರ್ಡಿನ ದಪ್ಪ ಕೊಡುತ್ತ ಬನ್ನಿ. ಅಲಮಾರಿ ಖಾಲಿ ಮಾಡಿಯೇ ಎತ್ತಬೇಕು, ಇಬ್ಬರು ಬೇಕು. ತುಂಬಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಇಷ್ಟು ಭಾರಕ್ಕೆ ಕೊನೆಗೆ 3 ಮಿ.ಮೀ. ದಪ್ಪದ ನೈಲಾನ್ ಇಲ್ಲವೇ ಗಟ್ಟಿ ಪಿವಿಸಿ ತುಂಡು ಒಳ್ಳೆಯದು. ಬರಿಯ ಕಬ್ಬಿಣದ ಚೂರು ತುಕ್ಕು ಹಿಡಿದು ನೆಲಕ್ಕೆ ಕಂದು ಕಲೆ ಬಿಡುತ್ತದೆ. ಆ ಕಲೆಗೆ ಬಚ್ಚಲಿನ ಆ್ಯಸಿಡ್ ಹಾಕಿದರೆ ಶಹಾಬಾದ್ ಕಲ್ಲು ನೊರೆಗಟ್ಟಿ ಕೊರೆದುಹೋಗುತ್ತದೆ.

ಅಲಮಾರಿ ಬಾಗುವುದಾದರೆ ಗೋಡೆಯ ಕಡೆಗೇ ಬಾಗಲಿ. ಬಾಗಿಲು ಸಮವಾದ ಮೇಲೆ ಮುಂದಿನ ಎರಡೂ ಕಾಲುಗಳನ್ನು ಒಂದೇ ಸಮ, ಹಿಂದಿನವಕ್ಕಿಂತ 4–5 ಮಿ.ಮೀ. ಎತ್ತರಿಸಿ. 45 ಸೆಂ.ಮೀ. ಆಳ, 180 ಸೆಂ.ಮೀ. ಎತ್ತರದ ಅಲಮಾರಿಗೆ 5 ಮಿ.ಮೀ. ಕೊಟ್ಟರೆ ತಲೆ 20 ಮಿ.ಮೀ. ಹಿಂದಕ್ಕೆ ಹೋಗುತ್ತದೆ, ಅಷ್ಟು ಜಾಗ ಹಿಂದೆ ಇರಲಿ.

ಇದು ಅಲುಗಾಟಕ್ಕೆ ಸಾಕು, ಮಗುವಿಗೆ ಸಾಲದು. ತೆರೆದ ಬಾಗಿಲಿಗೆ ಜೋತುಬಿದ್ದ ಮಗುವಿನ ಭಾರ ಮುಂದಕ್ಕೆ ಎಳೆಯುತ್ತದೆ. ತಲೆಯ ಎರಡು ಕಡೆ ಎಲ್ ಪಟ್ಟಿ ಹಾಕಿ ಗೋಡೆಗೆ ಕಟ್ಟಲೇಬೇಕು. ನಿಮ್ಮಂಥ ಗೋಡೆಯಲ್ಲಿ ಕಲ್ಲಿನ ನಡುವಿನ ಮಣ್ಣಿಗೆ ತೂತು ಬಿದ್ದರೆ ಪ್ಲಗ್ ಕೈಯಲ್ಲೇ ಕಿತ್ತು ಬರುತ್ತದೆ. ಸಣ್ಣ ಬಿಟ್ಟಿನಿಂದ ಮೊದಲು ತೂತು ಕೊರೆದು ಪುಡಿ ನೋಡಿ: ಮೆತ್ತಗೆ ಸರ್ರನೆ ಒಳಹೋಯಿತೆಂದರೆ ಮಣ್ಣು, ಒಂದು ಗೇಣು ಪಕ್ಕಕ್ಕೆ ಹೋಗಿ. ಕೆಂಪುಕಲ್ಲಿನಲ್ಲೂ ತೂತುಗಳಿರುವುದರಿಂದ ಟಿವಿ ಹಾಕುವ ಗಿಡ್ಡ ಪ್ಲಗ್ ನಂಬಬೇಡಿ. 10 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ಫ್ರೇಮ್ ಆಂಕರ್ (ಸ್ಕ್ರೂ ಸಮೇತ ಬರುವ ಉದ್ದ ಪ್ಲಗ್) ಹಾಕಿಸಿ. ಕೈಯಿಂದ ಜಗ್ಗಿದರೆ ಅಲುಗಬಾರದು.

ಪ್ರಶ್ನೆ: ಕೂಲರ್ ಸ್ಟ್ಯಾಂಡ್ ರಾತ್ರಿಯೆಲ್ಲ ಗುಡುಗುಡು ಅನ್ನುತ್ತದೆ. ಒಂದು ಬದಿಯ ಹುಲ್ಲಿನ ಜಾಲಿಗೆ ನೀರೇ ಬರುವುದಿಲ್ಲ. ಎರಡಕ್ಕೂ ಸಂಬಂಧ ಇದೆಯಾ?
— ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಇದೆ. ಮೇಲಿನ ನೀರಿನ ತೊಟ್ಟಿ ವಾಲಿದರೆ ನೀರೆಲ್ಲ ತಗ್ಗಿನ ಕಡೆಯ ಜಾಲಿಗೇ ಹರಿಯುತ್ತದೆ. ರಸಮಟ್ಟ ಇಲ್ಲದಿದ್ದರೆ ಉದ್ದನೆಯ ಅಂಚಿನ ತಟ್ಟೆಯಲ್ಲಿ ನೀರು ಹಾಕಿ ಸ್ಟ್ಯಾಂಡಿನ ಮೇಲಿಟ್ಟರೂ ವಾಲಿದ್ದು ತಿಳಿಯುತ್ತದೆ. ಕೂಲರಿನಲ್ಲಿ 50 ಲೀಟರ್ ನೀರಿದ್ದರೆ ಅಷ್ಟೇ ಕೆ.ಜಿ. ಭಾರ, ರಾತ್ರಿಯಿಡೀ ಇಳಿಯುತ್ತ ಹೋಗುತ್ತದೆ; ತುಂಬಿದಾಗ ಸುಮ್ಮನಿದ್ದದ್ದು ನಡುರಾತ್ರಿ ಗುಡುಗುವುದು ಅದಕ್ಕೇ. ಆದ್ದರಿಂದ ಅರ್ಧ ನೀರಿದ್ದಾಗ ಸರಿಮಾಡಿ. ಚಕ್ರಗಳಿದ್ದರೆ ಬಿಚ್ಚಿ ತೆಗೆಯಿರಿ, ಫರಸಿಯ ಸಂದಿಗೆ ಜಾರಿ ಬೀಳುವುದೇ ಅವು. ಇಲ್ಲಿ ಮಾತ್ರ ರಬ್ಬರ್ ಬೇಕು, ನಡುಕ ಹೀರಲು: ಕೆಳಗೆ ಗಟ್ಟಿ ಪ್ಲಾಸ್ಟಿಕ್ ಬೆಣೆ, ಅದರ ಮೇಲೆ 5 ಮಿ.ಮೀ. ರಬ್ಬರ್, ನಾಲ್ಕೂ ಕಾಲಿಗೆ ಒಂದೇ ದಪ್ಪದ್ದು. ಇಷ್ಟಾದರೂ ಗುಡುಗಿದರೆ ಫ್ಯಾನಿನ ರೆಕ್ಕೆಗೆ ಮೆತ್ತಿದ ಧೂಳು ಮತ್ತು ಗಡಸುನೀರಿನ ಬಿಳಿ ಪೊರೆ ನೋಡಿ. ಪ್ಲಗ್ ಕಿತ್ತಮೇಲೆಯೇ ಕೈ ಹಾಕಿ.