ದೈತ್ಯ ಬಾಯಿ ಬಿಟ್ಟದ್ದು ತಪ್ಪೇ?

ಮಾನ್ಯರೇ,

ನಿಮ್ಮ ನಾಲ್ಕು ಪುಟದ ಕಾಗದ ತಲುಪಿತು. 1935ರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ 1931ರ ಮೊದಲ ಚಿತ್ರಕ್ಕಿಂತ ಒಂದು ಕೈ ಮೇಲು ಎಂದು ಕಳೆದ ಸಂಚಿಕೆಯಲ್ಲಿ ಬರೆದದ್ದಕ್ಕೆ ನಿಮ್ಮ ತಕರಾರು ಎರಡು: ದೈತ್ಯ ಮಾತಾಡಿದೊಡನೆ ಹೆದರಿಕೆ ಹೋಗಿ ನಗು ಬರುತ್ತದೆ, ದೈತ್ಯನಿಗೆ ಜೊತೆಯಾಗಲೆಂದು ಸೃಷ್ಟಿಸಿದ, ಚಿತ್ರದ ಹೆಸರಿನಲ್ಲಿರುವ ಮದುಮಗಳು ಕೊನೆಯ ಕೆಲವೇ ನಿಮಿಷ ಮುಖ ತೋರಿಸಿ ಮೋಸ ಮಾಡುತ್ತಾಳೆ. ಜತೆಗೆ, ಫೋಟೋದಡಿ ನಾವು ದೈತ್ಯನನ್ನೇ ‘ಫ್ರಾಂಕೆನ್‌ಸ್ಟೈನ್’ ಎಂದದ್ದನ್ನೂ ಹಿಡಿದಿದ್ದೀರಿ. ಅದು ನಮ್ಮ ತಪ್ಪೇ. ಅದು ಅವನನ್ನು ಹುಟ್ಟಿಸಿದ ವಿಜ್ಞಾನಿಯ ಹೆಸರು. ಪಾಪ, ಹುಟ್ಟಿದವನಿಗೆ ಯಾರೂ ಹೆಸರಿಡಲೇ ಇಲ್ಲ.

ಮಾತಿನ ವಿಷಯದಲ್ಲಿ ನಿಮ್ಮ ಪರ ದೊಡ್ಡ ಸಾಕ್ಷಿಯೇ ಇದೆ. ದೈತ್ಯನ ವೇಷ ಹಾಕಿದ ಬೋರಿಸ್ ಕಾರ್ಲಾಫ್ ಅವರಿಗೇ ಅವನು ಮಾತಾಡುವುದು ಇಷ್ಟವಿರಲಿಲ್ಲ. ಆದರೂ ನಿರ್ದೇಶಕ ಜೇಮ್ಸ್ ವೇಲ್ ಮಾತಾಡಿಸಿಯೇ ಬಿಟ್ಟರು. ಒಳ್ಳೆಯದೇ ಆಯಿತು ಅನ್ನುವವನು ನಾನು. ಈ ಚಿತ್ರಗಳಿಗೆ ಮೂಲವಾದ ಮೇರಿ ಶೆಲ್ಲಿಯವರ 1818ರ ಕಾದಂಬರಿಯಲ್ಲಿ ಅವನು ಮೂಕನಲ್ಲ. ಕವಿ ಮಿಲ್ಟನ್‌ನನ್ನು ಓದಿಕೊಂಡು ಪುಟಗಟ್ಟಲೆ ವಾದ ಹೂಡುವವನು.

ಕಾಡಿನ ಗುಡಿಸಲಿನ ಭಾಗವನ್ನು ಇನ್ನೊಮ್ಮೆ ನೋಡಿ. ಕುರುಡ ಮುದುಕ ಪಿಟೀಲು ನುಡಿಸುತ್ತಿದ್ದಾನೆ. ಅದರ ನಾದ ಹಿಡಿದು ದೈತ್ಯ ಬಾಗಿಲಿಗೆ ಬರುತ್ತಾನೆ. ಮುದುಕನಿಗೆ ಅವನ ಮುಖ ಕಾಣದು, ಹಾಗಾಗಿ ಒಳಗೆ ಕರೆದು ಉಣಿಸುತ್ತಾನೆ. ಕೊನೆಗೂ ದೇವರು ತನಗೊಬ್ಬ ಗೆಳೆಯನನ್ನು ಕೊಟ್ಟನೆಂದು ಅವನು ಅಳುವಾಗ ದೈತ್ಯ ಆ ಭಾರದ ಕೈಯಿಂದ ಮೆಲ್ಲಗೆ ಭುಜ ತಟ್ಟುತ್ತಾನೆ. ಅವನ ಕೆನ್ನೆಯ ಮೇಲೂ ಒಂದು ಹನಿ. ಆಮೇಲೆ ಪಾಠ: ರೊಟ್ಟಿ, ವೈನು, ಗೆಳೆಯ. ಬೆಂಕಿ ಕಂಡರೆ ಹೌಹಾರುವವನು ಚುಟ್ಟಾ ಎಳೆದು ಸುಖವಾಗಿ ಹೊಗೆ ಬಿಡುತ್ತಾನೆ. ನಗು ಬರುತ್ತದೆ, ಸರಿ. ನನಗೂ ಬಂದಿದೆ. ಆದರೆ ಬೇಟೆಗಾರರು ಬಂದು, ಜಗಳವಾಗಿ, ಗುಡಿಸಲು ಹೊತ್ತಿಕೊಂಡ ಮೇಲೆ ಅವನು ‘ಗೆಳೆಯಾ?’ ಎನ್ನುತ್ತ ಹೊರಗೆ ತಡವರಿಸುವಾಗ ನಿಮಗೆ ನಗು ಬಂತೇ? ಮುಂದೆ ಮದುಮಗಳ ಎದುರು ನಿಂತಾಗಲೂ ಅವನ ಬಾಯಿಂದ ಹೊರಡುವುದು ಆ ಗುಡಿಸಲಲ್ಲಿ ಕಲಿತ ‘ಗೆಳೆಯಾ?’ ಎಂಬ ಮಾತೇ. ಮಾತು ಕಲಿಯದಿದ್ದರೆ ಅವನು ಕೇಳುತ್ತಿದ್ದುದಾದರೂ ಹೇಗೆ?

ಇನ್ನು ಮದುಮಗಳು. ಮಾತಾಡದ ದೈತ್ಯ ಬೇಕು ಎಂದಿರಲ್ಲ, ಅವಳೇ ಅದು. ಒಂದೇ ಒಂದು ಶಬ್ದ ಆಡುವುದಿಲ್ಲ, ಚೀರುತ್ತಾಳೆ, ಬುಸುಗುಡುತ್ತಾಳೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಹಂಸಗಳ ಬುಸುಗುಟ್ಟುವಿಕೆಯಿಂದ ಅದನ್ನು ಎತ್ತಿಕೊಂಡೆನೆಂದು ನಟಿ ಎಲ್ಸಾ ಲ್ಯಾಂಚೆಸ್ಟರ್ ಹೇಳಿದ್ದರು. ಅಲ್ಲದೆ ಚಿತ್ರದ ಆರಂಭದಲ್ಲಿ, ಗುಡುಗು ಮಳೆಯ ರಾತ್ರಿ ಕವಿ ಬೈರನ್‌ಗೆ ಕತೆ ಮುಂದುವರಿಸಿ ಹೇಳುವ ಮೇರಿ ಶೆಲ್ಲಿಯೂ ಅವರೇ. ಹೀಗಾಗಿ ಮದುಮಗಳು ಮೊದಲ ದೃಶ್ಯದಲ್ಲೇ ಬಂದು ಕೂತಿದ್ದಾಳೆ, ಮೋಸವೆಲ್ಲಿ ಬಂತು? ಹೆಸರುಪಟ್ಟಿಯಲ್ಲಿ ಮಾತ್ರ ಆ ಪಾತ್ರದ ಎದುರು ನಟಿಯ ಹೆಸರಿಲ್ಲ, ಬರೀ ಪ್ರಶ್ನಾರ್ಥಕ ಚಿಹ್ನೆ.

ಅಂದ ಹಾಗೆ, ಮೈಗೆ ಸುತ್ತಿದ್ದ ಬ್ಯಾಂಡೇಜು ಬಿಚ್ಚಿ ಅವಳನ್ನು ನಿಲ್ಲಿಸಿದ ಕೂಡಲೇ ‘ಫ್ರಾಂಕೆನ್‌ಸ್ಟೈನನ ಮದುಮಗಳು’ ಎಂದು ಸಾರುವವನು, ಅವಳನ್ನು ಸೃಷ್ಟಿಸುವುದರಲ್ಲಿ ಫ್ರಾಂಕೆನ್‌ಸ್ಟೈನನ ಜತೆಗಾರನಾದ ಡಾಕ್ಟರ್ ಪ್ರಿಟೋರಿಯಸ್. ನಮ್ಮ ಫೋಟೋದ ತಪ್ಪಿಗೆ ಅಷ್ಟು ಹಿರಿಯರೊಬ್ಬರು ಜತೆಗಿದ್ದಾರೆ.

ಇಷ್ಟೆಲ್ಲ ತಪ್ಪು ಹಿಡಿದ ನಿಮ್ಮ ಕಣ್ಣಿಗೆ ಒಂದು ತಪ್ಪಿಸಿಕೊಂಡಿದೆ. ಕೊನೆಗೆ ದೈತ್ಯ ಹೆನ್ರಿ ಫ್ರಾಂಕೆನ್‌ಸ್ಟೈನನನ್ನೂ ಹೆಂಡತಿಯನ್ನೂ ಹೊರಗೆ ಕಳಿಸಿ ಗೋಪುರ ಉರುಳಿಸುತ್ತಾನಷ್ಟೆ? ಹೆನ್ರಿಯೂ ಸಾಯುವಂತೆ ಮೊದಲು ಚಿತ್ರೀಕರಿಸಿ, ಆಮೇಲೆ ಮನಸ್ಸು ಬದಲಿಸಿದರು. ಪ್ರಯೋಗಾಲಯ ಕುಸಿಯುವ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ: ಹೊರಗೆ ಹೋದ ಹೆನ್ರಿ ಒಳಗೂ ನಿಂತಿದ್ದಾನೆ.

– ಸಂ.