ಮೆದುಳಿನ್ಯಾಗ ಒಂದು ಕೆಮಿಕಲ್ ಸಿಕ್ರ ಅದು ನ್ಯೂರೋಟ್ರಾನ್ಸ್‌ಮಿಟರೇ ಅಂತ ಹೆಂಗ ಹೇಳ್ತಾರ?

ನೀವು ಬೀದರ್‌ದಾಗ ಬಿ.ಎಸ್ಸಿ ಓದ್ಲಿಕತ್ತೀನಿ, ಸೆಮಿನಾರ್ ಅದ ಅಂತ ಬರ್ದೀರಿ. ಕೇಳಿದ್ದು ಎರಡು: ಲ್ಯಾಬ್‌ನ್ಯಾಗ ನ್ಯೂರೋಟ್ರಾನ್ಸ್‌ಮಿಟರ್ (ನರಕೋಶದಿಂದ ಮುಂದಿನ ಕೋಶಕ್ಕ ಸುದ್ದಿ ಒಯ್ಯೋ ಕೆಮಿಕಲ್) ಗುರ್ತು ಹೆಂಗ ಹಿಡೀತಾರ, ಮತ್ತ ನಿಮ್ಮ ಮನ್ಯಾಗ ಒಬ್ರಿಗಿ ಡಿಪ್ರೆಶನ್ ಅದ, ರಕ್ತದಾಗ ಸೆರೊಟೋನಿನ್ (ಅದೂ ಒಂದು ನ್ಯೂರೋಟ್ರಾನ್ಸ್‌ಮಿಟರ್) ಟೆಸ್ಟ್ ಮಾಡ್ಸಿದ್ರ ಗೊತ್ತಾಗ್ತದೇನು ಅಂತ. ನಾನು ಕಲಬುರಗಿಯೊಳಗ ಫಾರ್ಮಕಾಲಜಿ ಓದಿ ಇಲ್ಲೇ ಲ್ಯಾಬ್‌ನ್ಯಾಗ ಕೆಲಸ ಮಾಡ್ತೀನ್ರಿ, ಅದ್ರ ಮ್ಯಾಲೇ ಹೇಳ್ತೀನಿ.

ಕೆಮಿಕಲ್ ಅಲ್ಲಿ ಅದ ಅಂತ ತೋರಿಸಿದ್ರ ಅರ್ಧ ಕೆಲಸ ಅಷ್ಟೇ. ಗ್ಲುಟಮೇಟ್ ನೋಡ್ರಿ, ಮೈಯಾಗಿನ ಎಲ್ಲಾ ಜೀವಕೋಶದಾಗೂ ಅದ, ಪ್ರೋಟೀನ್ ಆಗ್ಲಿಕ್ಕೂ ಬೇಕು, ಹಿಂಗಾಗೇ ಅದು ನ್ಯೂರೋಟ್ರಾನ್ಸ್‌ಮಿಟರ್ ಅಂತ ಎಲ್ರೂ ಒಪ್ಲಿಕ್ಕ ಭಾಳ ವರ್ಷ ಹಿಡೀತು. ನರಕ್ಕ ಕರೆಂಟ್ ಕೊಟ್ಟಾಗ ಅದು ಹೊರಗ ಬರ್ಬೇಕು, ಕ್ಯಾಲ್ಸಿಯಂ ತೆಗದ್ರ ಬರೋದು ನಿಲ್ಬೇಕು, ನಾವೇ ಅದನ್ನ ಹೊರಗಿಂದ ಹಾಕಿದ್ರೂ ಅದೇ ಪರಿಣಾಮ ಆಗ್ಬೇಕು, ರಿಸೆಪ್ಟರ್ (ಆ ಕೆಮಿಕಲ್ ಹೋಗಿ ಕೂಡೋ ಜಾಗ) ಬ್ಲಾಕ್ ಮಾಡೋ ಔಷಧ ಹಾಕಿದ್ರ ನರದಿಂದ ಆಗೋ ಪರಿಣಾಮ, ಹೊರಗಿಂದ ಹಾಕಿದ್ರ ಆಗೋ ಪರಿಣಾಮ ಎರಡೂ ನಿಲ್ಬೇಕು, ಮ್ಯಾಲ ಕೆಲಸ ಮುಗದಿಂದ ಅದನ್ನ ಒಡಿಯೋ ಇಲ್ಲಾ ವಾಪಸ್ ಎಳಕೊಳ್ಳೋ ವ್ಯವಸ್ಥಾನೂ ಅಲ್ಲೇ ಇರ್ಬೇಕು.

1921ರಾಗ ಆಟೋ ಲೋವಿ ಅನ್ನೋ ವಿಜ್ಞಾನಿ ಮಾಡಿದ್ದೂ ಇದೇ ದಾರಿ. ಎರಡು ಕಪ್ಪಿ ಹೃದಯ ತಗೊಂಡು ಒಂದ್ರ ವೇಗಸ್ ನರಕ್ಕ (ಮೆದುಳಿಂದ ಹೃದಯಕ್ಕ ಬರೋ ನರ) ಕರೆಂಟ್ ಕೊಟ್ಟ, ಬಡಿತ ನಿಧಾನ ಆಯ್ತು, ಆ ಹೃದಯದಾಗಿನ ದ್ರಾವಣ ತೆಗದು ಎರಡನೇದಕ್ಕ ಹಾಕಿದ, ಅದಕ್ಕ ಕರೆಂಟೇ ಕೊಟ್ಟಿಲ್ಲ, ಅದೂ ನಿಧಾನ ಆಯ್ತು! ಏನೋ ಕೆಮಿಕಲ್ ಬಂದದ ಅನ್ನೋದು ಖಾತ್ರಿ ಆಯ್ತು, ಯಾವ್ದು ಅಂತ ಆಗ ಗೊತ್ತಿಲ್ಲ. ಅದು ಅಸಿಟೈಲ್‌ಕೋಲಿನ್ ಅಂತ ಆಮ್ಯಾಲ ತಿಳೀತು, ಲೋವಿಗಿ ಹೆನ್ರಿ ಡೇಲ್ ಅನ್ನೋ ಇನ್ನೊಬ್ಬ ವಿಜ್ಞಾನಿ ಜೊತಿಗಿ 1936ರಾಗ ನೊಬೆಲ್ ಬಂತು. ಡೇಲ್ ಲ್ಯಾಬ್‌ದವ್ರು ಅಸಿಟೈಲ್‌ಕೋಲಿನ್ ಗುರ್ತು ಹಿಡೀಲಿಕ್ಕ ಜಿಗಣೆ ಸ್ನಾಯು ಬಳಸ್ತಿದ್ರು, ಎಸೆರಿನ್ ಹಾಕಿದ್ರ ಅಸಿಟೈಲ್‌ಕೋಲಿನ್ ಒಡಿಯೋ ಎಂಜೈಮ್ ನಿಲ್ತದ, ಆಗ ಭಾಳ ಕಮ್ಮಿ ಇದ್ರೂ ಸ್ನಾಯು ಕುಗ್ಗಿ ತೋರಿಸ್ತದ. ನನಗ ಇವತ್ತಿಗೂ ಇದು ಭಾಳ ಛಂದ ಅನ್ನಿಸೋ ಪ್ರಯೋಗ.

ಈಗ ಹೆಚ್ಚು ನಡಿಯೋದು ಎಚ್‌ಪಿಎಲ್‌ಸಿ, ಅಂದ್ರ ದ್ರಾವಣನ ಕಾಲಮ್ ಅನ್ನೋ ಕೊಳವಿಯೊಳಗ ಹಾಯಿಸಿ ಅದ್ರಾಗಿನ ಕೆಮಿಕಲ್‌ಗಳನ್ನ ಬ್ಯಾರೆ ಬ್ಯಾರೆ ಮಾಡೋ ಮಷೀನು. ಎಥಿಕ್ಸ್ ಕಮಿಟಿ ಪರ್ಮಿಶನ್ ತಗೊಂಡು ಇಲಿ ಮೆದುಳಿಂದ ಬೇಕಾದ ಭಾಗ ಬಿಡಿಸಿ, ತಣ್ಣನ ಪರ್‌ಕ್ಲೋರಿಕ್ ಆಸಿಡ್‌ನ್ಯಾಗ ಅರದು, ಸೆಂಟ್ರಿಫ್ಯೂಜ್ ತಿರುಗಿಸಿ, ಮ್ಯಾಲಿನ ತಿಳಿ ಫಿಲ್ಟರ್ ಮಾಡಿ ಇಂಜೆಕ್ಟ್ ಮಾಡ್ತಾರ. ಎಲ್ಲಾ ಬರ್ಫ್ ಮ್ಯಾಲೇ ಆಗ್ಬೇಕು. ನಮ್ಮ ಕಲಬುರಗಿ ಮೇ ತಿಂಗಳ ಬಿಸಲು ನಿಮಗೂ ಗೊತ್ತದ, ಅದ್ರಾಗ ಕರೆಂಟ್ ಹೋದ್ರಂತೂ ಜೀವ ಕೈಯಾಗ, ಯಾಕಂದ್ರ ನಾವು ಹುಡುಕೋ ಡೋಪಮಿನ್ ಅನ್ನೋ ನ್ಯೂರೋಟ್ರಾನ್ಸ್‌ಮಿಟರ್ ಗಾಳಿಗಿ ಆಕ್ಸಿಡೈಸ್ ಆಗ್ತದ, ಆಸಿಡ್ ಇಲ್ದ ಬರೇ ನೀರಾಗ ಸ್ಟ್ಯಾಂಡರ್ಡ್ (ಹೋಲಿಸಿ ನೋಡ್ಲಿಕ್ಕ ಇಡೋ ಶುದ್ಧ ಡೋಪಮಿನ್) ಮಾಡಿಟ್ರ ಬಣ್ಣಿಲ್ದ ದ್ರಾವಣ ಹಂಗೇ ಕಂದಾಗ್ತಾ ಹೋಗ್ತದ. ಆದ್ರ ಇದೇ ಗುಣ ನಮಗ ಉಪಯೋಗಕ್ಕ ಬರ್ತದ, ಕಾಲಮ್ ದಾಟಿ ಬಂದ ಡೋಪಮಿನ್ ಡಿಟೆಕ್ಟರ್‌ದ ಕಾರ್ಬನ್ ಎಲೆಕ್ಟ್ರೋಡ್ ಮ್ಯಾಲ ಎಲೆಕ್ಟ್ರಾನ್ ಬಿಡ್ತದ, ಸ್ಕ್ರೀನ್ ಮ್ಯಾಲ ಪೀಕ್ ಏಳ್ತದ. ಸ್ಟ್ಯಾಂಡರ್ಡ್ ಬಂದ ಟೈಮಿಗೇ ಬಂತು ಅಂತ ಅಷ್ಟಕ್ಕೇ ನಂಬಬ್ಯಾಡ್ರಿ, ಬ್ಯಾರೆ ಕೆಮಿಕಲ್‌ನೂ ಅದೇ ಟೈಮಿಗಿ ಬರ್ಬಹುದು. ಸ್ಯಾಂಪಲ್‌ದಾಗ ಸ್ವಲ್ಪ ಸ್ಟ್ಯಾಂಡರ್ಡ್ ಕೂಡ್ಸಿ ಅದೇ ಪೀಕ್ ಬೆಳೀತದೇನು ನೋಡ್ತಾರ, ಇನ್ನೂ ಪಕ್ಕಾ ಬೇಕಂದ್ರ ಮಾಸ್ ಸ್ಪೆಕ್ಟ್ರೋಮೀಟರ್, ಅದು ಕಣದ ತೂಕ ಅಳೀತದ, ಅದ್ರಾಗ 154 ತೂಕದ ಡೋಪಮಿನ್ ಕಣ ಒಡದು 137 ತೂಕದ ತುಣುಕು ಕಾಣ್ತದ. ಗಾಬಾ, ಗ್ಲುಟಮೇಟ್‌ನಂಥ ನ್ಯೂರೋಟ್ರಾನ್ಸ್‌ಮಿಟರ್ ಹಿಂಗ ತಾವಾಗೇ ಕಾಣಲ್ಲ, ಅವಕ್ಕ ಒಪಿಎ ಅನ್ನೋ ಕೆಮಿಕಲ್ ಕೂಡ್ಸಿ ಹೊಳಿಯೋ ಹಂಗ ಮಾಡ್ಕೋಬೇಕು.

ಆದ್ರ ಅರದ ಮೆದುಳು ಎಷ್ಟದ ಅಂತ ಹೇಳ್ತದ, ಯಾವಾಗ ಬಿಡುಗಡೆ ಆಯ್ತು ಅಂತ ಹೇಳಲ್ಲ. ಅದಕ್ಕ ಜೀವಂತ ಪ್ರಾಣಿ ಮೆದುಳಿನ್ಯಾಗ ಸಣ್ಣ ಪ್ರೋಬ್ ಇಟ್ಟು ಮೈಕ್ರೋಡಯಾಲಿಸಿಸ್ ಮಾಡ್ತಾರ, ಅಂದ್ರ ಕೋಶಗಳ ಹೊರಗಿನ ದ್ರವದಾಗ ಬಂದ ಕೆಮಿಕಲ್‌ನ ಆಗಾಗ ತೆಗದು ಅಳೀತಾರ. ಸೆಮಿನಾರ್‌ನ್ಯಾಗ ಈ ಫರಕ್ ಒಂದು ಸ್ಲೈಡ್ ಹಾಕೇ ಹಾಕ್ರಿ, ಪ್ರಶ್ನೆ ಇಲ್ಲೇ ಬರ್ತಾವ.

ಇನ್ನ ರಕ್ತದ ಟೆಸ್ಟ್. ಡಿಪ್ರೆಶನ್ ಗೊತ್ತು ಮಾಡ್ಲಿಕ್ಕ ಅದು ಮಾಡ್ಸಬ್ಯಾಡ್ರಿ. ಮೈಯಾಗಿನ ಸೆರೊಟೋನಿನ್ ಹೆಚ್ಚೂಕಮ್ಮಿ ಎಲ್ಲಾ ಕರುಳಿನ್ಯಾಗ ಆಗ್ತದ, ರಕ್ತದಾಗ ಪ್ಲೇಟ್‌ಲೆಟ್ ಒಳಗ ಕೂತಿರ್ತದ, ಮೆದುಳಿಗಿ ದಾಟಿ ಹೋಗಲ್ಲ, ಹಿಂಗಾಗಿ ರಿಪೋರ್ಟ್‌ನ್ಯಾಗ ಏನೇ ನಂಬರ್ ಬಂದ್ರೂ ಮೆದುಳಿನ ಸುದ್ದಿ ಅಲ್ಲ ಅದು. ಆ ಟೆಸ್ಟ್ ಕೆಲಸಕ್ಕ ಬರೋದು ಕಾರ್ಸಿನಾಯ್ಡ್ ಅನ್ನೋ, ಸೆರೊಟೋನಿನ್ ಬಿಡೋ ಗಡ್ಡಿ ಇದ್ದಾಗ. ಆ ರೊಕ್ಕ ಇಟ್ಕೊಂಡು ಅವ್ರನ್ನ ಮಾನಸಿಕ ರೋಗದ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ರಿ, ಅವ್ರು ಮಾತಾಡ್ಸಿ, ನಿದ್ದಿ, ಊಟ ಎಲ್ಲಾ ಕೇಳ್ತಾರ. ಥೈರಾಯ್ಡ್ ಇಲ್ಲಾ ಬಿ12 ಟೆಸ್ಟ್ ಬರ್ದು ಕೊಟ್ರ ಅದು ಮಾತ್ರ ಬಿಡಬ್ಯಾಡ್ರಿ, ಅವು ಕಮ್ಮಿ ಇದ್ರೂ ಹಿಂಗೇ ಸುಸ್ತು, ಬ್ಯಾಸರ ಬರ್ತದ.