ಪಾಸ್ ಗ್ಯಾರಂಟಿ ಅಂತೆ!

ದಾವಣಗೆರೆಯಿಂದ ಡಿಪ್ಲೊಮಾ ಮುಗಿಸಿದ ಓದುಗರೊಬ್ಬರು ಕೇಳಿದ್ದಾರೆ: ‘ಕಂಪ್ಯೂಟರ್ ಸಪೋರ್ಟ್ ಕೆಲಸಕ್ಕೆ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ ಸರ್ಟಿಫಿಕೇಟ್, ಆಮೇಲೆ ವೈಫೈ ನೆಟ್‌ವರ್ಕ್ ಕೆಲಸಕ್ಕೆ ಸಿಡಬ್ಲ್ಯುಎನ್‌ಎ ಸರ್ಟಿಫಿಕೇಟ್ ಮಾಡಬೇಕೆಂದಿದ್ದೇನೆ. ಕೋಚಿಂಗ್ ಸೆಂಟರಿನವರು ಡಂಪ್ಸ್, ಅಂದರೆ ಪರೀಕ್ಷೆಯಿಂದ ಸೋರಿದ ಪ್ರಶ್ನೆ-ಉತ್ತರಗಳ ಪಟ್ಟಿ ಕೊಡುತ್ತಾರೆ. ಬಾಯಿಪಾಠ ಮಾಡಿದರೆ ಪಾಸ್ ಗ್ಯಾರಂಟಿಯಂತೆ. ಸೇರಲೇ?’

ಸರ್ಟಿಫಿಕೇಟ್ ಬೇಡ ಅನ್ನುವವನಲ್ಲ ನಾನು. ಇಂಟರ್‌ವ್ಯೂಗೆ ಕರೆಯುವವರು ಅದನ್ನು ನೋಡುತ್ತಾರೆ. ಎ ಪ್ಲಸ್ 1993ರಿಂದ ಇದೆ, ಅದಕ್ಕೊಂದು ಬೆಲೆಯೂ ಇದೆ. ಆದರೆ ಇಷ್ಟು ಚೆನ್ನಾಗಿ ಪತ್ರ ಬರೆಯುವ ನೀವು ಆ ಗ್ಯಾರಂಟಿಗೆ ಮರುಳಾದಿರಲ್ಲ!

ಎ ಪ್ಲಸ್‌ಗೆ ಎರಡು ಪರೀಕ್ಷೆ, ಎರಡಕ್ಕೂ ಬೇರೆ ಬೇರೆ ಶುಲ್ಕ. ಒಂದೊಂದರಲ್ಲೂ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಟಿಕ್ ಹಾಕಿದರೆ ಸಾಲದು, ಕೆಟ್ಟಿದ್ದನ್ನು ಸರಿ ಮಾಡಿ ತೋರಿಸಿ ಅನ್ನುವ ಪ್ರಶ್ನೆಗಳೂ ಇರುತ್ತವೆ. ಡಂಪ್ಸ್ ಓದಿದ್ದು ಗೊತ್ತಾದರೆ ಕೊಟ್ಟ ಸರ್ಟಿಫಿಕೇಟನ್ನೂ ರದ್ದು ಮಾಡಬಹುದು. ಇದನ್ನು ಸೆಂಟರಿನವರು ಹೇಳಿದರಾ?

ನಮ್ಮ ಆಫೀಸಿನ ವೈಫೈ ಮಧ್ಯಾಹ್ನವಾದರೆ ಸಾಕು, ಕೈಕೊಡುತ್ತಿತ್ತು. ಸರ್ಟಿಫಿಕೇಟ್ ಇದ್ದ ಎಂಜಿನಿಯರ್ ಬಂದು ಹೊಸ ರೂಟರ್ ತಗೊಳ್ಳಿ ಎಂದರು. ಆಮೇಲೆ ಎಸ್‌.ಪಿ. ರಸ್ತೆಯಲ್ಲಿ ರಿಪೇರಿ ಮಾಡುವ ಹುಡುಗನೊಬ್ಬ ಬಂದ. ಮೊಬೈಲ್‌ನಲ್ಲಿ ಸುತ್ತಲಿನ ಸಿಗ್ನಲ್ ನೋಡಿ ನಕ್ಕ. ವೈಫೈ ಸಿಗ್ನಲ್ ಓಡುವ ದಾರಿಗೆ ಚಾನೆಲ್ ಅನ್ನುತ್ತಾರೆ; ಅಕ್ಕಪಕ್ಕದವರೆಲ್ಲ 6ನೇ ಚಾನೆಲ್‌ನಲ್ಲಿ, ನಾವು 4ರಲ್ಲಿ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಚಾನೆಲ್‌ಗಳ ನಡುವೆ 5 ಮೆಗಾಹರ್ಟ್ಸ್ ಅಂತರ, ಸಿಗ್ನಲ್ಲಿನ ಅಗಲ ಮಾತ್ರ ಸುಮಾರು 20. ಹಾಗಾಗಿ ಒಂದರ ಮೇಲೊಂದು ಬೀಳದೆ ಇರುವುದು 1, 6, 11 ಮೂರೇ. ನಮ್ಮದನ್ನು 11ಕ್ಕೆ ಹಾಕಿದ. ಕಬ್ಬಿಣದ ಬೀರುವಿನ ಹಿಂದಿದ್ದ ರೂಟರನ್ನು ಗೋಡೆಗೆ ಏರಿಸಿದ. ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು. ಸಿಡಬ್ಲ್ಯುಎನ್‌ಎ ಪಾಠಗಳಲ್ಲಿ ಇದೆಲ್ಲ ಇದೆ. ಓದಿದವರಿಗೆ ಸಿಗುತ್ತದೆ, ಉರು ಹೊಡೆದವರಿಗಲ್ಲ.

ತಪ್ಪು ನಿಮ್ಮೊಬ್ಬರದೇ ಅಲ್ಲ ಬಿಡಿ. ಎಸ್ಸೆಸ್ಸೆಲ್ಸಿಯಿಂದಲೂ ‘ಇಂಪಾರ್ಟೆಂಟ್ ಪ್ರಶ್ನೆ’ ಗುರುತು ಹಾಕಿ ಕೊಟ್ಟವರು ನಾವೇ. ಪಠ್ಯಪುಸ್ತಕ ಮುಟ್ಟದೆ ಗೈಡ್ ನಂಬಿ ಪದವಿವರೆಗೂ ಬಂದವರು ಎಷ್ಟು ಜನ! ಲ್ಯಾಬ್ ಪರೀಕ್ಷೆಗೂ ರೆಕಾರ್ಡ್ ಪುಸ್ತಕ ನಕಲು ಮಾಡಿದ್ದೇವೆ, ಅಲ್ವಾ? ಕಂಪನಿಗಳೂ ಕಡಿಮೆಯೇನಿಲ್ಲ. ಪ್ರಿಂಟರ್ ಸರಿ ಮಾಡುವ ಕೆಲಸಕ್ಕೂ ಕಾಗದ ಕೇಳುತ್ತವೆ, ಒಂದು ಸ್ಕ್ರೂಡ್ರೈವರ್ ಕೈಗೆ ಕೊಟ್ಟು ನೋಡುವುದಿಲ್ಲ.

ಸೆಂಟರಿಗೆ ಕಟ್ಟುವ ದುಡ್ಡಿನಲ್ಲಿ ಒಂದು ಹಳೇ ಲ್ಯಾಪ್‌ಟಾಪ್, ಎರಡು ಸೆಕೆಂಡ್‌ಹ್ಯಾಂಡ್ ರೂಟರ್ ತನ್ನಿ. ಬಿಚ್ಚಿ, ಕೆಡಿಸಿ, ಸರಿ ಮಾಡಿ. ಪರೀಕ್ಷೆ ಆಮೇಲೆ ಕಟ್ಟಿ. ಎ ಪ್ಲಸ್ ಆದರೂ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ನೆನಪಿರಲಿ.